ದಾಕ್ಷಿಣ್ಯವೂ ಜವಾಬ್ದಾರಿಯೂ



ನಮ್ಮ ಕನ್ನಡದಲ್ಲಿ ದಾಕ್ಷಿಣ್ಯವೆಂಬ ಒಂದು ಮಾತುಂಟು. ಎದುರಿಗೆ ಇರುವವರ ಮುಖವನ್ನು ನೋಡಿ, ಅವರಿಗೆ ನೋವಾದೀತೆಂದು ಶಂಕಿಸಿ, ಹೇಳಬೇಕಾದ ಮಾತನ್ನು ನುಂಗಿಕೊಳ್ಳುವ ಮನೋಧರ್ಮಕ್ಕೆ ನಾವು ಆ ಹೆಸರನ್ನು ಕೊಟ್ಟಿದ್ದೇವೆ. ಸಾಲ ಕೇಳಲು ಬಂದವರಿಗೆ ಇಲ್ಲವೆನ್ನಲು ದಾಕ್ಷಿಣ್ಯ. ಪಂಕ್ತಿಯಲ್ಲಿ ಕುಳಿತಾಗ ಇನ್ನೊಂದು ಹೋಳಿಗೆ ಬೇಡವೆನ್ನಲು ದಾಕ್ಷಿಣ್ಯ. ಹೊತ್ತು ಮೀರಿದರೂ ಏಳದ ಅತಿಥಿಗೆ ನಮಗೆ ಕೆಲಸವಿದೆಯೆಂದು ತಿಳಿಸಲು ದಾಕ್ಷಿಣ್ಯ. ಮನೆಯಲ್ಲಿ ಇದರಿಂದ ಆಗುವ ನಷ್ಟವು ಅಷ್ಟಾಗಿ ಹೇಳಿಕೊಳ್ಳುವಂಥದಲ್ಲ. ಆದರೆ ಇದೇ ಗುಣವು ಮನೆಯ ಹೊಸ್ತಿಲನ್ನು ದಾಟಿ ಕಚೇರಿ, ಕಾರ್ಖಾನೆ, ಆಸ್ಪತ್ರೆಗಳ ಒಳಹೊಕ್ಕಾಗ ಏನಾಗುತ್ತದೆಂಬುದು ಈ ಸಂಜೆಯ ನನ್ನ ವಿಷಯ.

ಶಬ್ದದ ಹುಟ್ಟನ್ನು ನೋಡಿದರೆ ಒಂದು ವಿನೋದ ಕಾಣುತ್ತದೆ. ದಕ್ಷನೆಂದರೆ ಕುಶಲ, ಸಮರ್ಥ. ಅದೇ ಧಾತುವಿನಿಂದ ಬಂದ ದಕ್ಷಿಣ ಎಂಬುದಕ್ಕೆ ಬಲಗಡೆ, ಸರಳ, ಉದಾರ ಎಂಬ ಅರ್ಥಗಳುಂಟು. ಅಂಥವನ ಗುಣವೇ ದಾಕ್ಷಿಣ್ಯ. ಎಂದಮೇಲೆ ದಕ್ಷತೆಯೂ ದಾಕ್ಷಿಣ್ಯವೂ ಒಂದೇ ಮನೆಯಲ್ಲಿ ಹುಟ್ಟಿದ ಅಕ್ಕತಂಗಿಯರು. ಆದರೂ ಒಬ್ಬಳು ಕಾಲಿಟ್ಟ ಕಚೇರಿಯಲ್ಲಿ ಮತ್ತೊಬ್ಬಳು ಬಹುಕಾಲ ನಿಲ್ಲಲಾರಳೆಂಬುದು ನಮ್ಮ ದಿನದಿನದ ಅನುಭವ. ಅಲಂಕಾರಶಾಸ್ತ್ರದವರು ದಕ್ಷಿಣನಾಯಕನೆಂದು ಒಬ್ಬನನ್ನು ವರ್ಣಿಸುತ್ತಾರೆ. ಹಲವರು ನಾಯಿಕೆಯರಲ್ಲಿ ಯಾರ ಮನಸ್ಸನ್ನೂ ನೋಯಿಸದೆ ಎಲ್ಲರೊಡನೆಯೂ ನಯದಿಂದ ನಡೆದುಕೊಳ್ಳುವವನು ಅವನು. ನಾಟಕದಲ್ಲಿ ಅವನು ಶೋಭಿಸುತ್ತಾನೆ. ಮೂವತ್ತು ಮಂದಿ ಗುಮಾಸ್ತರ ಮೇಲೆ ಅವನನ್ನು ಅಧಿಕಾರಿಯಾಗಿ ಕೂರಿಸಿದರೆ ಕಡತಗಳ ಗತಿ ಏನಾದೀತೆಂಬುದನ್ನು ತಾವೇ ಊಹಿಸಬಹುದು.

ಊಹೆಗೆ ಅಷ್ಟೇನೂ ಶ್ರಮಬೇಕಿಲ್ಲ. ಒಬ್ಬ ಗುಮಾಸ್ತನ ಲೆಕ್ಕಗಳು ಪದೇ ಪದೇ ತಪ್ಪುತ್ತವೆಂದು ಇಟ್ಟುಕೊಳ್ಳೋಣ. ಅವನ ಮೇಲಧಿಕಾರಿಯು ಒಳ್ಳೆಯವನು. ಕರೆದು ಹೇಳಿದರೆ ಬೇಸರಪಟ್ಟುಕೊಂಡಾನೆಂದು ತಾನೇ ರಾತ್ರಿ ಕುಳಿತು ತಿದ್ದುತ್ತಾನೆ. ಕೆಲವು ತಿಂಗಳು ಕಳೆದಮೇಲೆ ಮುಖ್ಯವಾದ ಕಡತಗಳನ್ನು ಅವನ ಮೇಜಿಗೆ ಕಳುಹಿಸುವುದನ್ನು ಸದ್ದಿಲ್ಲದೆ ನಿಲ್ಲಿಸಿ, ಪಕ್ಕದ ಮೇಜಿನ ಚುರುಕಾದ ಮನುಷ್ಯನಿಗೆ ಕಳುಹಿಸುತ್ತಾನೆ. ಹೀಗೆ ಚುರುಕಾಗಿರುವವನು ಒಂದು ಸಂಬಳಕ್ಕೆ ಎರಡು ಹೊರೆ ಹೊರುತ್ತಾನೆ; ಅದು ಅವನ ದಕ್ಷತೆಗೆ ಸಂದ ಬಹುಮಾನ. ಇದನ್ನೆಲ್ಲ ನೋಡುತ್ತ ಮೂಲೆಯಲ್ಲಿ ಕುಳಿತಿರುವ ಮೂರನೆಯವನು, ಈ ಕಚೇರಿಯಲ್ಲಿ ಯಾವುದು ಲಾಭವೆಂಬುದನ್ನು ಬೇಗನೆ ಕಲಿಯುತ್ತಾನೆ. ತಪ್ಪು ಮಾಡುತ್ತಿದ್ದವನಾದರೋ ತನ್ನ ಕೆಲಸವು ಎಲ್ಲರಿಗೂ ತೃಪ್ತಿಕರವಾಗಿದೆಯೆಂದೇ ನಂಬಿ ನೆಮ್ಮದಿಯಾಗಿರುತ್ತಾನೆ. ಇಲ್ಲಿ ಯಾರಿಗೂ ಯಾರೂ ಒಂದು ಕಟುವಾದ ಮಾತನ್ನಾಡಿಲ್ಲ. ಆದರೆ ಮೂವರಿಗೂ ಅನ್ಯಾಯವಾಗಿದೆ.

ಈ ಮಾತನ್ನು ನಾನು ದೂರದಲ್ಲಿ ನಿಂತು ಹೇಳುತ್ತಿಲ್ಲ. ಒಂದು ಸಂಸ್ಥೆಯಲ್ಲಿ ನಾನು ಒಂದು ವಿಭಾಗದ ಮುಖ್ಯಸ್ಥನಾಗಿದ್ದ ಕಾಲದಲ್ಲಿ ನನ್ನ ಕೈಕೆಳಗೆ ನನಗಿಂತ ಹಿರಿಯರೊಬ್ಬರಿದ್ದರು. ಸರಸಿಗಳು, ಸಜ್ಜನರು, ನಾನು ಹೊಸಬನಾಗಿ ಸೇರಿದಾಗ ನನಗೆ ಕೆಲಸ ಕಲಿಸಿದವರು. ಅವರ ವರದಿಗಳು ತಡವಾಗಿ ಬರುತ್ತಿದ್ದುವು, ಬಂದರೂ ಅರೆಯಾಗಿರುತ್ತಿದ್ದುವು. ನಾನು ಒಂದು ದಿನವೂ ಅದನ್ನು ಅವರೊಡನೆ ಪ್ರಸ್ತಾಪಿಸಲಿಲ್ಲ. ಗುರುಸಮಾನರಿಗೆ ಹೇಗೆ ಹೇಳುವುದು? ಆದರೆ ಬಡ್ತಿಯ ಪಟ್ಟಿ ಸಿದ್ಧವಾಗುವ ಕಾಲ ಬಂದಾಗ, ಮೇಲಿನವರು ನನ್ನ ಅಭಿಪ್ರಾಯವನ್ನು ಬರಹದಲ್ಲಿ ಕೇಳಿದರು. ಕಾಗದಕ್ಕೆ ಮುಖವಿಲ್ಲ, ಅದರ ಮುಂದೆ ದಾಕ್ಷಿಣ್ಯವೂ ಇಲ್ಲ. ನಾನು ಇದ್ದುದನ್ನು ಇದ್ದಂತೆ ಬರೆದೆ. ಅವರಿಗೆ ಬಡ್ತಿ ಬರಲಿಲ್ಲ. ಅವರು ನಿವೃತ್ತರಾದ ದಿನ, ಹಾರತುರಾಯಿಗಳೆಲ್ಲ ಮುಗಿದಮೇಲೆ ನನ್ನ ಕೊಠಡಿಗೆ ಬಂದು ಕುಳಿತು, “ಹತ್ತು ವರ್ಷ ಒಟ್ಟಿಗೆ ಕಾಫಿ ಕುಡಿದೆವು, ಸ್ವಾಮಿ. ಒಂದು ದಿನ ಕರೆದು ಹೇಳಬಾರದಾಗಿತ್ತೆ?” ಎಂದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ನಾನು ಏನು ಉತ್ತರ ಕೊಟ್ಟೆನೆಂಬುದು ನನಗೆ ನೆನಪಿಲ್ಲ, ಕೊಡಲಿಲ್ಲವೆಂದೇ ತೋರುತ್ತದೆ.

ನನ್ನದು ಒಬ್ಬನ ದೌರ್ಬಲ್ಯ. ಆದರೆ ನಮ್ಮ ದೇಶದ ಸರ್ಕಾರದ ಕಚೇರಿಗಳಲ್ಲಿ ಈ ದೌರ್ಬಲ್ಯವೇ ಬಹುಕಾಲ ಒಂದು ಪದ್ಧತಿಯಾಗಿ ನಡೆದುಬಂದಿತು. ನೌಕರನ ಕೆಲಸವನ್ನು ಕುರಿತು ವರ್ಷಕ್ಕೊಮ್ಮೆ ಮೇಲಧಿಕಾರಿಯು ಬರೆಯುವ ವರದಿಯನ್ನು ರಹಸ್ಯ ವರದಿಯೆಂದೇ ಕರೆಯುತ್ತಿದ್ದರು. ಅದರಲ್ಲಿ ಸ್ಪಷ್ಟವಾಗಿ ಪ್ರತಿಕೂಲವಾದ ಮಾತುಗಳಿದ್ದರೆ ಮಾತ್ರ ಅವನಿಗೆ ತಿಳಿಸುವುದು ರೂಢಿ; ಉಳಿದುದೆಲ್ಲ ಪೆಟ್ಟಿಗೆಯೊಳಗೆ. ಗಡಿರಸ್ತೆಗಳ ಇಲಾಖೆಯ ಒಬ್ಬ ಎಂಜಿನಿಯರರ ಮೊಕದ್ದಮೆಯು ಈ ವಿಷಯದಲ್ಲಿ ತಿಳಿಯತಕ್ಕದ್ದಾಗಿದೆ. ಅವರಿಗೆ 1993-94ನೆಯ ಸಾಲಿನ ವರದಿಯಲ್ಲಿ ‘ಉತ್ತಮ’ ಎಂಬ ದರ್ಜೆ ಸಿಕ್ಕಿತ್ತು. ಕೇಳುವುದಕ್ಕೆ ಇಂಪಾದ ಮಾತೇ. ಆದರೆ ಬಡ್ತಿಗೆ ಐದು ವರ್ಷಗಳೂ ‘ಅತ್ಯುತ್ತಮ’ವೆಂದಿರಬೇಕೆಂಬುದು ಆ ಇಲಾಖೆಯ ನಿಯಮ. ಪ್ರತಿಕೂಲವಲ್ಲದ ಮಾತಾದ್ದರಿಂದ ಅವರಿಗೆ ಅದನ್ನು ತಿಳಿಸಿರಲಿಲ್ಲ. ತಿಳಿಸದ ಆ ಮಾತೇ ಅವರ ಬಡ್ತಿಯನ್ನು ತಡೆಯಿತು. ಸುಪ್ರೀಂ ಕೋರ್ಟಿನ ತೀರ್ಪು ಬಂದುದು 2008ರಲ್ಲಿ. ಅಷ್ಟುಹೊತ್ತಿಗೆ ಅವರು ನಿವೃತ್ತರಾಗಿದ್ದರು. ಒಳ್ಳೆಯದಾಗಲಿ ಕೆಟ್ಟದಾಗಲಿ, ವರದಿಯಲ್ಲಿ ಬರೆದ ಪ್ರತಿಯೊಂದು ದರ್ಜೆಯನ್ನೂ ಯುಕ್ತವಾದ ಕಾಲದೊಳಗೆ ನೌಕರನಿಗೆ ತಿಳಿಸಲೇಬೇಕೆಂದು ನ್ಯಾಯಾಲಯವು ವಿಧಿಸಿತು. ಮರುವರ್ಷ, 2009ರಲ್ಲಿ, ಭಾರತ ಸರ್ಕಾರವು ವರದಿಯನ್ನು ಪೂರ್ತಿಯಾಗಿ ತೋರಿಸತಕ್ಕದ್ದೆಂದು ಆಜ್ಞೆ ಹೊರಡಿಸಿತು. ಹತ್ತಿರ ಕರೆದು ಹೇಳುವ ಅಭ್ಯಾಸವು ನಮ್ಮಲ್ಲಿ ಇದ್ದಿದ್ದರೆ ಇಷ್ಟು ದೊಡ್ಡ ನ್ಯಾಯಾಲಯವು ಈ ಚಿಕ್ಕ ಮಾತನ್ನು ಹೇಳಬೇಕಾಗುತ್ತಿರಲಿಲ್ಲ.

ಜವಾಬ್ದಾರಿಯೆಂಬ ಮಾತು ನಮಗೆ ಪಾರ್ಸಿಯ ದಾರಿಯಿಂದ ಬಂದುದು. ಜವಾಬೆಂದರೆ ಉತ್ತರ, ಉತ್ತರ ಕೊಡಬೇಕಾದವನು ಜವಾಬ್ದಾರ. ಕೇಳುವವರಿಲ್ಲದಿದ್ದರೆ ಉತ್ತರವೆಲ್ಲಿಂದ ಬರಬೇಕು? ಆದಕಾರಣ ಜವಾಬ್ದಾರಿಯ ಮೊದಲ ಅರ್ಧವು ಕೇಳುವವನದು. ಇದೇ ಅರ್ಥದಲ್ಲಿ ನಾವು ಬಳಸುವ ನಮ್ಮದೇ ಮಾತು ಹೊಣೆ. ಅದರ ಹಳೆಯ ಅರ್ಥ ಜಾಮೀನು, ಅಂದರೆ ಮತ್ತೊಬ್ಬನ ಪರವಾಗಿ ತಾನು ನಿಲ್ಲುವುದು. ಕೈಕೆಳಗಿನವನಿಂದ ಜವಾಬು ಕೇಳುವವನು, ಹೊರಗಿನವರ ಮುಂದೆ ಅವನಿಗೆ ಹೊಣೆಯಾಗಿಯೂ ನಿಲ್ಲಬೇಕು. ಈ ಎರಡು ಮಾತುಗಳೂ ಒಬ್ಬ ಮನುಷ್ಯನಲ್ಲಿ ಕೂಡಿರುವುದು ಅಪರೂಪ.

ಮೈಸೂರಿನವರಿಗೆ ಈ ಸಂದರ್ಭದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ನೆನಪು ಬಾರದೆ ಇರದು. ಅವರ ಗಡಿಯಾರ, ಅವರ ಮಡಿಕೆ ಕೆಡದ ಉಡುಪು, ಸರ್ಕಾರದ ಕೆಲಸಕ್ಕೊಂದು ಸ್ವಂತದ ಕೆಲಸಕ್ಕೊಂದು ಎಂಬ ಆ ಎರಡು ಮೇಣದಬತ್ತಿಗಳು, ಇವುಗಳ ಕಥೆಗಳನ್ನು ನಮ್ಮ ಮಕ್ಕಳು ಪಾಠದ ಪುಸ್ತಕಗಳಿಂದ ಬಾಯಿಪಾಠ ಮಾಡಿರುತ್ತಾರೆ. ಕಥೆಗಳ ಮಾತು ಹಾಗಿರಲಿ. 1909ರಲ್ಲಿ ಅವರು ಸಂಸ್ಥಾನದ ಮುಖ್ಯ ಎಂಜಿನಿಯರರಾಗಿ ಬಂದರು, 1912ರಲ್ಲಿ ದಿವಾನರಾದರು. ದಿವಾನಗಿರಿಯನ್ನು ಒಪ್ಪಿಕೊಳ್ಳುವುದಕ್ಕೆ ಮುಂಚೆ ತಮ್ಮ ತಾಯಿಯವರನ್ನೂ ಬಂಧುಗಳನ್ನೂ ಕೂರಿಸಿಕೊಂಡು, ತಮ್ಮಿಂದ ಯಾರೂ ಯಾವ ಅನುಕೂಲವನ್ನೂ ಕೇಳಕೂಡದೆಂದು ಮಾತು ತೆಗೆದುಕೊಂಡರೆಂಬುದು ನಾಡಿನಲ್ಲಿ ಪ್ರಸಿದ್ಧವಾಗಿದೆ. ಇದನ್ನು ಅವರ ನಿಃಸ್ಪೃಹತೆಗೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ನನಗೆ ಅದರಲ್ಲಿ ಹಿಡಿಸುವ ಅಂಶವು ಬೇರೆ. ಅವರು ಆ ನಿಷ್ಠುರದ ಮಾತನ್ನು ಆಡಿದುದು ಯಾರೂ ಏನನ್ನೂ ಕೇಳುವುದಕ್ಕೆ ಮುಂಚೆ. ಸೋದರಳಿಯನೊಬ್ಬನು ಅರ್ಜಿ ಹಿಡಿದು ಬಾಗಿಲಲ್ಲಿ ನಿಂತಮೇಲೆ ಇಲ್ಲವೆಂದಿದ್ದರೆ ಅದು ಅವನೊಬ್ಬನಿಗೆ ಆದ ಅವಮಾನವಾಗುತ್ತಿತ್ತು. ಮೊದಲೇ ಎಲ್ಲರಿಗೂ ಹೇಳಿದ್ದರಿಂದ ಅದು ಬರಿಯ ನಿಯಮವಾಯಿತು. ನಿಷ್ಠುರವು ಬೇಗ ಬಂದಷ್ಟೂ ಮೆತ್ತಗಿರುತ್ತದೆ.

ದಿವಾನರಾಗಿದ್ದಾಗ ಅವರು ಕಚೇರಿಗಳ ಕೆಲಸದ ರೀತಿಯನ್ನು ಪರಿಶೀಲಿಸಲು ದಕ್ಷತೆಯ ತನಿಖೆಯೆಂಬ ಒಂದು ಏರ್ಪಾಡನ್ನು ತಂದರು. ಹಣದ ಲೆಕ್ಕವನ್ನು ತನಿಖೆ ಮಾಡುವುದು ಹಳೆಯ ಪದ್ಧತಿ. ಕೆಲಸದ ಲೆಕ್ಕವನ್ನೂ ಹಾಗೆಯೇ ಕೇಳಬಹುದೆಂಬುದು ಆಗ ಇಲ್ಲಿ ಹೊಸ ಮಾತು. ಆದರೆ ಅವರ ಪರೀಕ್ಷೆಯಾದುದು ಅಧಿಕಾರ ಬಿಟ್ಟಮೇಲೆ, ಭದ್ರಾವತಿಯಲ್ಲಿ. ಮಲೆನಾಡಿನ ಇದ್ದಿಲನ್ನೂ ಕೆಮ್ಮಣ್ಣುಗುಂಡಿಯ ಅದಿರನ್ನೂ ನಂಬಿ ಕಟ್ಟಿದ ಕಬ್ಬಿಣದ ಕಾರ್ಖಾನೆಯು 1923ರ ಜನವರಿಯಲ್ಲಿ ಕೆಲಸಕ್ಕೆ ತೊಡಗಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಏರಿದ್ದ ಕಬ್ಬಿಣದ ಬೆಲೆಯು ಅಷ್ಟುಹೊತ್ತಿಗೆ ಕುಸಿದಿತ್ತು, ಕಾರ್ಖಾನೆ ನಷ್ಟಕ್ಕೆ ಬಿದ್ದಿತು, ಊರೆಲ್ಲ ಆಡಿಕೊಂಡಿತು. ಯೋಜನೆಯನ್ನು ಮುಂದಕ್ಕೆ ತಂದವರು ವಿಶ್ವೇಶ್ವರಯ್ಯನವರೇ, ಅವರಾಗಲೇ ನಿವೃತ್ತರು. ದೂರದಲ್ಲಿ ಕುಳಿತು, ಬೆಲೆ ಇಳಿದುದು ತಮ್ಮ ತಪ್ಪಲ್ಲವೆಂದು ಹೇಳಿದ್ದರೆ ಯಾರೂ ಅಲ್ಲವೆನ್ನುತ್ತಿರಲಿಲ್ಲ. ಅವರು ಆಡಳಿತ ಮಂಡಲಿಯ ಅಧ್ಯಕ್ಷಪದವನ್ನು ಹೊತ್ತು 1929ರ ವರೆಗೆ ದುಡಿದರು. ಹೊರದೇಶದಿಂದ ಬಂದ ನಿಪುಣರ ಸ್ಥಾನಗಳಿಗೆ ಇಲ್ಲಿನವರನ್ನೇ ಪಳಗಿಸಿದರು, ವೆಚ್ಚವನ್ನು ಬಿಗಿಮಾಡಿದರು. ಆ ಸೇವೆಗಾಗಿ ಸಲ್ಲಬೇಕಾಗಿದ್ದ ಹಣವು ಮುಂದೆ ಬೆಂಗಳೂರಿನಲ್ಲಿ 1943ರಲ್ಲಿ ಹುಟ್ಟಿದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಶಾಲೆಗೆ ಸಂದಿತು. ಇಂಥ ಮನುಷ್ಯನು ಒಬ್ಬ ಮೇಸ್ತ್ರಿಯನ್ನು ಕರೆದು, ನಿನ್ನೆಯ ಕೆಲಸ ಏಕೆ ನಿಂತಿತೆಂದು ಕೇಳಿದರೆ, ಆ ಪ್ರಶ್ನೆಗೆ ತೂಕವಿರುತ್ತದೆ. ಕೇಳುವವನು ತಾನೂ ಉತ್ತರ ಕೊಡಲು ನಿಂತವನೆಂಬುದು ಕೇಳಿಸಿಕೊಳ್ಳುವವನಿಗೆ ಗೊತ್ತು.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಹೋದರೆ ನನ್ನ ಮಾತೇ ದಾಕ್ಷಿಣ್ಯಕ್ಕೆ ಒಳಗಾದಂತಾಗುತ್ತದೆ. ಸರ್ಕಾರದ ಕೆಲಸಗಳಲ್ಲಿ ಹಿಂದುಳಿದ ವರ್ಗಗಳಿಗೆ ಸರಿಯಾದ ಪಾಲು ದೊರೆಯುವಂತೆ ಮಾಡುವುದು ಹೇಗೆಂದು ವಿಚಾರಿಸಲು ನಾಲ್ವಡಿ ಕೃಷ್ಣರಾಜ ಒಡೆಯರವರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಆ ನೀತಿಯು ಒಪ್ಪಿಗೆಯಾಗಲಿಲ್ಲ. ದಕ್ಷತೆಗೆ ಕುಂದಾದೀತೆಂಬುದು ಅವರ ಭಯ. ಆ ವರ್ಷದ ಕೊನೆಗೆ ಅವರು ದಿವಾನಗಿರಿಯನ್ನು ಬಿಟ್ಟರು. ಈ ವಿಷಯದಲ್ಲಿ ಮಹಾರಾಜರ ದೃಷ್ಟಿಯೇ ದೂರ ನೋಡಿತೆಂಬುದು ನನ್ನ ಎಣಿಕೆ. ಏಕೆಂದರೆ ದಾಕ್ಷಿಣ್ಯವು ಎಲ್ಲರಿಗೂ ಸಮನಾಗಿ ಸಲ್ಲುವ ವಸ್ತುವಲ್ಲ. ಅದು ಪರಿಚಯವಿದ್ದವನಿಗೆ ಸಲ್ಲುತ್ತದೆ. ಬಳಗದವನಿಗೆ, ಒಂದೇ ಜಾತಿಯವನಿಗೆ, ಒಂದೇ ಬೀದಿಯವನಿಗೆ ಸಲ್ಲುತ್ತದೆ. ಯಾರ ಪರಿಚಯವೂ ಇಲ್ಲದೆ ಹಳ್ಳಿಯಿಂದ ಬಂದ ಹುಡುಗನ ಪಾಲಿಗೆ ಅದೇ ಕಚೇರಿಯಲ್ಲಿ ನಿಯಮದ ಪುಸ್ತಕವು ತಟ್ಟನೆ ತೆರೆದುಕೊಳ್ಳುತ್ತದೆ. ಒಬ್ಬನಿಗೆ ಮೌನ, ಮತ್ತೊಬ್ಬನಿಗೆ ನಿಷ್ಠುರವೆಂದಾದಮೇಲೆ ಆ ನಿಷ್ಠುರವನ್ನು ದಕ್ಷತೆಯೆಂದು ಕರೆಯುವುದು ಸಲ್ಲದು.

ಇಷ್ಟು ಕೇಳಿದವರು, ಹಾಗಾದರೆ ಮೇಜು ಗುದ್ದಿ ಮಾತಾಡುವ ಅಧಿಕಾರಿಯೇ ಒಳ್ಳೆಯವನೆಂದು ಈತನ ಅಭಿಪ್ರಾಯವೆಂದುಕೊಂಡಾರು. ಅದು ಹಾಗಲ್ಲವೆಂಬುದಕ್ಕೆ ಅಮೆರಿಕದಲ್ಲಿ ನಡೆದ ಒಂದು ಘೋರವಾದ ದೃಷ್ಟಾಂತವಿದೆ. 1986ರ ಜನವರಿ 28ರಂದು ಚಾಲೆಂಜರ್ ಎಂಬ ಗಗನನೌಕೆಯು ಫ್ಲಾರಿಡದಿಂದ ಮೇಲೆದ್ದ 73 ಸೆಕೆಂಡುಗಳಲ್ಲಿ ಒಡೆದು ಚೂರಾಗಿ, ಒಬ್ಬ ಶಾಲೆಯ ಉಪಾಧ್ಯಾಯಿನಿಯೂ ಸೇರಿ ಏಳು ಜನ ಮಡಿದರು. ನೌಕೆಯ ಪಕ್ಕದ ರಾಕೆಟ್ಟುಗಳ ಸಂದುಗಳನ್ನು ಮುಚ್ಚಲು ಇಟ್ಟಿದ್ದ ರಬ್ಬರಿನ ಬಳೆಗಳು ಚಳಿಯಲ್ಲಿ ಬಿರುಸಾಗಿ, ಬೆಂಕಿಯು ಹೊರಕ್ಕೆ ನುಗ್ಗಿದುದು ಅದಕ್ಕೆ ಕಾರಣ. ಆಶ್ಚರ್ಯವೇನೆಂದರೆ, ಇದು ಗೊತ್ತಿದ್ದವರು ಗೊತ್ತಿದೆಯೆಂದು ಹೇಳಿಯೇ ಇದ್ದರು. ರಾಕೆಟ್ಟನ್ನು ತಯಾರಿಸಿದ ಥಯೊಕೋಲ್ ಕಂಪನಿಯ ಎಂಜಿನಿಯರ್ ರೋಜರ್ ಬಾಯ್ಜೊಲಿ ಎಂಬಾತನು ಆರು ತಿಂಗಳ ಹಿಂದೆಯೇ, 1985ರ ಜುಲೈಯಲ್ಲಿ, ಮೇಲಿನವರಿಗೆ ಲಿಖಿತವಾಗಿ ಎಚ್ಚರಿಕೆ ಕೊಟ್ಟಿದ್ದನು. ಹಾರಾಟದ ಹಿಂದಿನ ರಾತ್ರಿ ಯೂಟಾ, ಅಲಬಾಮ, ಫ್ಲಾರಿಡ ಮೂರು ಕಡೆಯವರೂ ಟೆಲಿಫೋನಿನಲ್ಲಿ ಕೂಡಿ ಚರ್ಚಿಸಿದರು. ಹಿಂದಿನ ಹಾರಾಟಗಳಲ್ಲಿ ಅತ್ಯಂತ ಚಳಿಯದೆಂದರೆ 53 ಡಿಗ್ರಿ ಫ್ಯಾರನ್‌ಹೀಟಿನದು. ಅದಕ್ಕಿಂತ ತಣ್ಣಗಿದ್ದರೆ ಹಾರಿಸಬೇಡಿರೆಂದು ಎಂಜಿನಿಯರುಗಳು ಹೇಳಿದರು.

ಆಗ ಗಗನಯಾನ ಸಂಸ್ಥೆಯ ಅಧಿಕಾರಿಗಳು ನಿಷ್ಠುರವಾಗಿಯೇ ಮಾತಾಡಿದರು. ಹಾಗಾದರೆ ಏಪ್ರಿಲಿನ ತನಕ ಕಾಯಬೇಕೋ ಎಂಬ ಧಾಟಿಯಲ್ಲಿ ಒಬ್ಬರು ಕೇಳಿದರು. ಕಂಪನಿಯವರು ಐದು ನಿಮಿಷದ ಅವಕಾಶ ಬೇಡಿ ಟೆಲಿಫೋನಿನಿಂದ ಆಚೆ ಸರಿದರು. ಐದು ಅರ್ಧ ಗಂಟೆಯಾಯಿತು. ಎಂಜಿನಿಯರುಗಳು ನಕ್ಷೆಗಳನ್ನು ಮುಂದಿಟ್ಟು ಮತ್ತೊಮ್ಮೆ ವಾದಿಸಿ ಸುಮ್ಮನಾದರು. ನಾಲ್ವರು ವ್ಯವಸ್ಥಾಪಕರು ತಮ್ಮೊಳಗೇ ಸೇರಿ, ಹಾರಿಸಬಹುದೆಂದು ನಿಶ್ಚಯಿಸಿ ಹಿಂದಿರುಗಿದರು. ಆ ರಾತ್ರಿ ಪ್ರಶ್ನೆಗಳ ಕೊರತೆಯೇನೂ ಇರಲಿಲ್ಲ. ಆದರೆ ಪ್ರಶ್ನೆಯು ತಲೆಕೆಳಗಾಗಿತ್ತು. ನೌಕೆಯು ಕ್ಷೇಮವೆಂಬುದನ್ನು ತೋರಿಸಿರೆಂದು ಕೇಳಬೇಕಾದವರು, ಅಪಾಯವೆಂಬುದನ್ನು ಸಿದ್ಧಮಾಡಿಕೊಡಿರೆಂದು ಕೇಳಿದರು. ಇಂಥ ಕಟುತ್ವವು ಕೆಳಗಿನವರಿಂದ ಉತ್ತರವನ್ನು ಪಡೆಯುವುದಿಲ್ಲ. ತನಗೆ ಬೇಕಾದ ಉತ್ತರವನ್ನು ಹಿಂಡಿ ತೆಗೆಯುತ್ತದೆ. ಫ್ಲಾರಿಡದಲ್ಲಿ ಕಂಪನಿಯ ಪ್ರತಿನಿಧಿಯಾಗಿದ್ದ ಆಲನ್ ಮೆಕ್‌ಡೊನಾಲ್ಡ್ ಎಂಬಾತನು ಮಾತ್ರ ಒಪ್ಪಿಗೆಯ ಕಾಗದಕ್ಕೆ ರುಜು ಹಾಕಲು ಒಪ್ಪಲಿಲ್ಲ, ಬೇರೊಬ್ಬರು ಹಾಕಿದರು. ಮುಂದೆ ವಿಚಾರಣಾ ಸಮಿತಿಯ ಮುಂದೆ ನಿಜವನ್ನು ಹೇಳಿದುದಕ್ಕಾಗಿ ಕಂಪನಿಯು ಆತನನ್ನು ಕೆಲಸದಿಂದ ಸರಿಸಿ ಮೂಲೆಗೆ ಹಾಕಿತು. ಶಾಸನಸಭೆಯವರು ಗದರಿಸಿದಮೇಲೆ ಮತ್ತೆ ಕರೆದು, ಆ ಸಂದನ್ನು ಹೊಸದಾಗಿ ರೂಪಿಸುವ ಕೆಲಸವನ್ನು ಅವನಿಗೇ ವಹಿಸಬೇಕಾಯಿತು.

ನಮ್ಮ ಕರಾವಳಿಯವರು ಕಾರವಾರದಿಂದ ಉಡುಪಿಗೆ ರೈಲಿನಲ್ಲಿ ಹೋಗುವಾಗ ನೆನೆಯಬಹುದಾದ ಒಬ್ಬರು ಇ. ಶ್ರೀಧರನ್. 1998ರಲ್ಲಿ ಪೂರ್ತಿಯಾದ ಕೊಂಕಣ ರೈಲುಮಾರ್ಗವನ್ನು ಕಟ್ಟಿಸಿ, ಬಳಿಕ ದೆಹಲಿಯ ಮೆಟ್ರೋ ಮಾರ್ಗಕ್ಕೆ ಮುಖ್ಯಸ್ಥರಾದವರು. ಅಲ್ಲಿನ ಕಚೇರಿಗಳಲ್ಲಿ ಹಿಂದುಮುಂದಾಗಿ ಎಣಿಸುವ ಗಡಿಯಾರಗಳನ್ನು ಇಡಿಸಿದ್ದರು. ಕೆಲಸ ಮುಗಿಯಲು ಇನ್ನೆಷ್ಟು ದಿನಗಳೆಂಬುದನ್ನು ಅವು ತೋರಿಸುತ್ತಿದ್ದುವು. 2009ರ ಜುಲೈ 12ರ ನಸುಕಿನಲ್ಲಿ ಜಮರೂದ್‌ಪುರದಲ್ಲಿ ಕಟ್ಟುತ್ತಿದ್ದ ಸೇತುವೆಯ ಭಾಗವು ಕುಸಿದು ಆರು ಮಂದಿ ಸತ್ತರು. ಕಟ್ಟುತ್ತಿದ್ದುದು ಗುತ್ತಿಗೆದಾರರು. ಆದರೂ ಶ್ರೀಧರನ್ ಅವರು ಅದೇ ದಿನ ಹೊಣೆ ತನ್ನದೆಂದು ರಾಜೀನಾಮೆ ಕೊಟ್ಟರು. ಸರ್ಕಾರವು ಅದನ್ನು ಒಪ್ಪದ್ದರಿಂದ ಮರುದಿನ ಕೆಲಸಕ್ಕೆ ಮರಳಿದರು. ರಾಜೀನಾಮೆಯಿಂದ ಸತ್ತವರು ಬದುಕುವುದಿಲ್ಲ, ಕಂಬವೂ ಗಟ್ಟಿಯಾಗುವುದಿಲ್ಲವೆಂದು ಕೆಲವರು ಹೇಳಿದರೆ ಅದು ನಿಜವೇ. ಆದರೆ ದಿನಗಳನ್ನು ಎಣಿಸುವ ಗಡಿಯಾರವನ್ನು ಇತರರ ಗೋಡೆಗೆ ಹಾಕಿದವರು ತಮ್ಮ ಕೊಠಡಿಯಲ್ಲಿಯೂ ಒಂದನ್ನು ಇಟ್ಟುಕೊಂಡಿದ್ದರೆಂಬುದು ಆ ದಿನ ಎಲ್ಲರಿಗೂ ಗೊತ್ತಾಯಿತು.

ಹಿರಿಯರ ಮಾತಾಯಿತು. ನಾನು ಮೊದಲು ಹೇಳಿದ ಆ ನಿವೃತ್ತಿಯ ದಿನವಾದಮೇಲೆ ನಾನು ನನಗೆ ಒಂದು ಕಟ್ಟು ಮಾಡಿಕೊಂಡೆ. ಎದುರಿಗೆ ಹೇಳದಿದ್ದ ಯಾವ ಮಾತನ್ನೂ ಒಬ್ಬರ ವಿಷಯದಲ್ಲಿ ಕಾಗದದ ಮೇಲೆ ಬರೆಯಕೂಡದು. ಹೇಳುವುದನ್ನು ಆ ವಾರದಲ್ಲೇ, ಬಾಗಿಲು ಮುಚ್ಚಿ, ತಪ್ಪಿದ ಕಾಗದವನ್ನೇ ಮೇಜಿನ ಮೇಲಿಟ್ಟು ಹೇಳಬೇಕು. ಹೇಳಿ ಮುಗಿಸಿದಮೇಲೆ, ಅಡ್ಡಿಯೇನಾಗಿತ್ತೆಂದು ಕೇಳಿ ಬಾಯಿ ಮುಚ್ಚಿಕೊಂಡಿರಬೇಕು. ಕೊನೆಯದೇ ಎಲ್ಲಕ್ಕಿಂತ ಕಷ್ಟವಾದುದು. ಮೊದಲನೆಯ ಬಾರಿ ಹೀಗೆ ಕರೆದುದು ಒಬ್ಬ ಹುಡುಗನನ್ನು. ಅವನ ತಿಂಗಳ ತಖ್ತೆ ಮೂರು ಬಾರಿ ತಡವಾಗಿತ್ತು. ನನ್ನ ಗಂಟಲು ಒಣಗಿತ್ತು. ಹೇಗೋ ಹೇಳಿ ಮುಗಿಸಿದೆ. ಅವನು ಸ್ವಲ್ಪ ಹೊತ್ತು ನೆಲ ನೋಡುತ್ತಿದ್ದು, “ಸಾರ್, ತಮ್ಮ ರುಜುವಾಗಿ ಪಟ್ಟಿ ನನಗೆ ಬರುವುದೇ ಇಪ್ಪತ್ತೈದನೆಯ ತಾರೀಖು. ಇಪ್ಪತ್ತಕ್ಕೆ ಬಂದರೆ ತಖ್ತೆ ತಡವಾಗುವುದಿಲ್ಲ” ಎಂದನು. ಅವನು ಹೋದಮೇಲೆ ನಾನು ರವಾನೆಯ ಪುಸ್ತಕವನ್ನು ತರಿಸಿ ನೋಡಿದೆ. ಮೂರು ತಿಂಗಳೂ ಆ ಪಟ್ಟಿಯು ಐದೈದು ದಿನ ನನ್ನ ಮೇಜಿನ ಮೇಲೆಯೇ ಇದ್ದಿತು.